ಕಾಕಾನ ಮಗ

ಎಂಬತ್ತರ ದಶಕದಲ್ಲಿ ರಾಯಬಾಗದ ಸುತ್ತಲಿನ ಮನೆತನಗಳ ವಂಶವೃಕ್ಷ ಬರೆಯುವ ಕೆಲಸ ನನಗೆ ಗಂಟುಬಿದ್ದಿತ್ತು. ತಮ್ಮ ಮೂಲಪುರುಷ ರಾಜನ ಬಲಗೈ ಆಗಿದ್ದನೆಂದು ಪ್ರತಿ ಮನೆಯವರೂ ಹೇಳುತ್ತಿದ್ದರು. ರಾಜನಿಗೆ ಎಷ್ಟು ಬಲಗೈಗಳಿದ್ದವೆಂದು ನಾನು ಕೇಳುತ್ತಿರಲಿಲ್ಲ, ಚಹಾ ಚೆನ್ನಾಗಿರುತ್ತಿತ್ತು.

ಬಾಬುಗೌಡರ ಮನೆಯಲ್ಲಿ ಅಣ್ಣತಮ್ಮಂದಿರು ಒಟ್ಟಿಗಿದ್ದರು. ಅಲ್ಲಿನ ಮಕ್ಕಳೆಲ್ಲ ಬಾಬುಗೌಡರನ್ನು 'ಕಾಕಾ' ಎನ್ನುತ್ತಿದ್ದರು. ಕಾಕಾ ಎಂದರೆ ಚಿಕ್ಕಪ್ಪ. ಹಾಗಾಗಿ ಮಕ್ಕಳನ್ನೆಲ್ಲ ಅಣ್ಣನ ಕೆಳಗೆ ಬರೆದು, ಬಾಬುಗೌಡರಿಗೆ ಸಂತಾನವಿಲ್ಲವೆಂದು ಗೆರೆ ಮುಗಿಸಿದೆ.

ಮುಂದೆ ಬೇಡಕಿಹಾಳದಲ್ಲಿ ಒಬ್ಬ ಯಜಮಾನರು ಆ ಮನೆಯ ಬಗ್ಗೆ ವಿಚಾರಿಸಿದರು. ಬಾಬುಗೌಡರ ಮಗನಿಗೆ ತಮ್ಮ ಮಗಳನ್ನು ಕೊಡುವ ಮಾತು ನಡೆದಿತ್ತಂತೆ. "ಅವರಿಗೆ ಮಕ್ಕಳೇ ಇಲ್ಲವಲ್ಲ" ಎಂದೆ. ಕಲಿತವನ ಮಾತೆಂದು ಅವರು ನಂಬಿದರು. ಸಂಬಂಧ ಅಲ್ಲಿಗೇ ನಿಂತಿತು.

ಸುದ್ದಿ ತಿಳಿದ ಬಾಬುಗೌಡರು ನನ್ನ ಕೋಣೆಗೇ ಬಂದರು.

"ಏನ್ರಿ ಸಾಹೇಬ್ರ, ನನ್ನ ಮಗನ್ನ ನಮ್ಮಣ್ಣಗ ದತ್ತಕ ಕೊಟ್ಟ್ರಂತಲ್ಲ?"

"ಅವನು ನಿಮ್ಮನ್ನ ಕಾಕಾ ಅಂತಾನಲ್ಲ?"

"ಅಣ್ಣನ ಮಕ್ಕಳು ಅಂತಿದ್ರು, ಅದನ್ನ ಕೇಳಿ ಇಂವನೂ ಕಲ್ತಾನ. ನೀವು ನಿಮ್ಮಪ್ಪಗ ಏನಂತೀರಿ?"

ನಮ್ಮ ಮೈಸೂರಿನ ಮನೆಯ ರೂಢಿಯಂತೆ "ಅಣ್ಣ" ಎಂದೆ.

"ಹಂಗಾರ ನಿಮ್ಮವ್ವ ನಿಮಗ ಅತ್ತಿಗಿ ಆದ್ಲೇನ್ರಿ?"

ನಾನು ಹಾಳೆ ತೆಗೆದು ಅವರ ಹೆಸರಿನ ಕೆಳಗೆ ಮಗನನ್ನು ಬರೆದೆ. ಅವರು ನನ್ನನ್ನು ಬಸ್ಸು ಹತ್ತಿಸಿ ಬೇಡಕಿಹಾಳಕ್ಕೆ ಕರೆದೊಯ್ದರು. ಹುಡುಗನಿಗೆ ತಂದೆಯಿದ್ದಾನೆಂದು, ತಂದೆಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನಾನು ಖಾತ್ರಿ ಕೊಟ್ಟೆ.

ಲಗ್ನವಾಯಿತು. ಹಂದರದಲ್ಲೇ ಹೊಸ ಸೊಸೆ ಮಾವನನ್ನು "ಕಾಕಾ" ಎಂದಳು. ನಾನು ಪೆನ್ನು ಹೊರಗೆ ತೆಗೆಯಲಿಲ್ಲ.