ಬೂದಿ ಬೆರಳಿನ ದೆವ್ವ

ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ನೂರ್ ಅಹಮ್ಮದ್ ನನ್ನ ಅವ್ವನನ್ನು ದೆವ್ವ ಮಾಡಿದ. ಕೇಳದೆ, ಹೇಳದೆ. ಅವನು ಸತ್ತು ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ.

ಮನೆಯಲ್ಲಿ ಉರ್ದು ಆಡುವವನು ಕನ್ನಡದಲ್ಲಿ ಕಥೆ ಬರೆಯುತ್ತಿದ್ದ. ವಾರಪತ್ರಿಕೆಯೊಂದು ಅಚ್ಚು ಹಾಕುತ್ತಿತ್ತು. ಬರೀ ದೆವ್ವದ ಕಥೆ. ಅವನ ದೆವ್ವಗಳಿಗೆ ತಿರುಗುಪಾದವಿಲ್ಲ, ಬಿಳಿ ಸೀರೆಯಿಲ್ಲ. ಒಂದು ದೆವ್ವ ಕರೆಂಟು ಬಂದ ಕೂಡಲೇ ಓಡಿಬಂದು ಹೊಲದ ಮೋಟರು ಹಾಕುತ್ತಿತ್ತು, ಅಷ್ಟೆ. ಓದಿದವರು ತಮ್ಮ ಮೋಟರಿನ ಹತ್ತಿರ ಹೋಗಲೂ ಹೆದರುತ್ತಿದ್ದರು. ನಮ್ಮೂರು ಮೊಳಕಾಲ್ಮೂರಿನ ಸಂತೆಗೆ ಬಂದರೆ ನೂರ್ ನಮ್ಮ ಮನೆಯಲ್ಲಿ ಕೂತು ಮಗ್ಗ ನೋಡುತ್ತಿದ್ದ. ಅವ್ವ ಚಹಾ ಕೊಡುತ್ತಿದ್ದಳು.

ಅವ್ವ ಹೋದ ಮರುವರ್ಷ, ತೊಂಬತ್ತೆಂಟರಲ್ಲಿ ಆ ಕಥೆ ಬಂತು. ಮಧ್ಯಾಹ್ನ ಮನೆಯವರು ಉಣ್ಣುವಾಗ ಸತ್ತ ಮುದುಕಿಯೊಬ್ಬಳು ಮಗ್ಗಕ್ಕೆ ಕೂತು, ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು, ಮಗ್ಗದ ಉದ್ದನೂಲಾದ ಹಳೆ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಾಳೆ. ಎಡಗೈಯಲ್ಲಿ. ಮಗ ಬಂದರೆ ತಾನೇ ಎದ್ದು ಜಾಗ ಬಿಡುತ್ತಾಳೆ.

ಅವ್ವ ಎಡಚಿ, ಅದು ಕೇರಿಗೆಲ್ಲ ಗೊತ್ತು. ಎದ್ದು ಜಾಗ ಬಿಟ್ಟದ್ದು ಯಾರಿಗೆ ಗೊತ್ತು? ಕಣ್ಣು ಮಂಜಾಗಿ ಅವಳು ಎಳೆ ತಪ್ಪಿಸಿದಾಗ, "ಸೀರೆ ಹಾಳ್ಮಾಡ್ತೀಯ, ಎದ್ದೋಗು" ಎಂದು ನಾನು ಕೂಗಿದ್ದೆ. ಎದ್ದಳು. ಹದಿನೈದು ದಿನಕ್ಕೆ ತೀರಿಕೊಂಡಳು. ನಾನು ಕೂಗಿದ ದಿನ ಮನೆಯಲ್ಲಿದ್ದ ಇನ್ನೊಬ್ಬಳು ನನ್ನ ಹೆಂಡತಿ ಗಂಗಲಕ್ಷ್ಮಿ.

"ನೀನೇ ಹೇಳಿದೀಯ."

"ನಾನ್ಯಾಕ್ ಹೇಳ್ಲಿ? ನಿಮ್ ಗಂಟ್ಲು ಸಂತೆ ಮೈದಾನಕ್ಕೇ ಕೇಳ್ಸುತ್ತೆ."

ನಂಬಲಿಲ್ಲ. ಪತ್ರಿಕೆ ಸುತ್ತಿಕೊಂಡು ಚಳ್ಳಕೆರೆ ಬಸ್ಸು ಹತ್ತಿದೆ.

"ಯಾರ್ಲೇ ಹೇಳಿದ್ದು ನಿಂಗೆ?"

ಬೆಸುಗೆ ಹಾಕುತ್ತಿದ್ದ ನೂರ್ ತಲೆಯೆತ್ತಲಿಲ್ಲ. "ಕೂತ್ಕೊ ಕಲ್ಲೇಶಣ್ಣ. ಅವ್ವಾನೇ ಹೇಳಿದ್ರು. ಕಣ್ಣು ತೋರ್ಸಾಕೆ ಬಂದಿದ್ರಲ್ಲ, ಅವತ್ತು."

ನನಗೆ ಅವಳು ನನ್ನಿವಾಳದಲ್ಲಿರುವ ತನ್ನ ತಂಗಿಯ ಮನೆಗೆಂದು ಹೇಳಿ ಹೋಗಿದ್ದಳು.

"ಕನ್ನಡಕ ಬಂದ್ರೆ ಮತ್ತೆ ಮಗ್ಗಕ್ಕೆ ಕೂರ್ತೀನಿ, ಅವನೇ ಕರೀತಾನೆ ಅಂದ್ರು."

"ಸುಳ್ಳು! ಕಥೆ ಕಟ್ಟೋ ಬಾಯಿ ನಿಂದು."

"ಕಟ್ಟಂಗಿದ್ರೆ ನಿನ್ ಕುತ್ತಿಗೇನೇ ಹಿಸುಕಿಸ್ತಿದ್ದೆ. ಹೆದರ್ಸೋ ದೆವ್ವಾನ ಯಾರೂ ನಂಬಲ್ಲಣ್ಣ. ಕೆಲ್ಸ ಅರ್ಧಕ್ಕೆ ಬಿಟ್ಟು ಹೋದೋರನ್ನ ನಂಬ್ತಾರೆ."

"ಹಂಗಾದ್ರೆ ಇನ್ನೊಂದು ಬರಿ. ಮಗ ವಾಪಸ್ ಕರ್ದ ಅಂತ."

"ಬರೀತೀನಿ, ಮಾತು ಕೊಟ್ಟೆ. ಏನಂತ ಕರೀತಾನೆ? ನೀನೇ ಹೇಳು. ಅದನ್ನ ನಾನು ಕಟ್ಟಿದ್ರೆ ಗೊತ್ತಾಗೋಗ್ತೈತೆ." ಪೆನ್ಸಿಲ್ ಹಿಡಿದು ಕೂತ.

ನನ್ನ ಬಾಯಿಂದ ಬಂದದ್ದು ಬೈಗುಳ. ಎದ್ದು ಬಂದೆ.

ಆಮೇಲೆ ಎರಡು ಸಲ ಹೇಳಿಕಳಿಸಿದ. ಆಡಿಕೊಳ್ಳಲು ಕರೆಯುತ್ತಾನೆಂದು ಹೋಗಲಿಲ್ಲ. ಎರಡು ಸಾವಿರದ ಮೂರರಲ್ಲಿ ಎದೆನೋವು ಬಂದು ಹೋಗಿಬಿಟ್ಟ. ಅವನ ಹೆಂಡತಿ ಹಲೀಮಾ ಬೀ ಅವನು ಬರೆದಿಟ್ಟ ಒಂದು ಹಾಳೆ ತಂದುಕೊಟ್ಟಳು. ಮಗ ಬಾಗಿಲಲ್ಲಿ ನಿಂತಿದ್ದಾನೆ. ಮುದುಕಿ ಮಗ್ಗದಿಂದ ಏಳುತ್ತಿದ್ದಾಳೆ. ಕೆಳಗೆ ಎರಡು ಸಾಲಿನ ಜಾಗ ಬಿಟ್ಟಿದ್ದಾನೆ.

ಕಥೆ ಕೊಡುತ್ತೇನೆಂದವನು ಅವನು. ಅವ್ವನನ್ನು ಕರೆಯುವ ಮಾತು ಕೊಡಬೇಕಾದವನು ನಾನು. ಆ ಎರಡು ಸಾಲು ಇನ್ನೂ ಖಾಲಿ ಇವೆ.