ಮಾವನ ಎದೆಯ ಕರೆಂಟ್ ಪೆಟ್ಟಿಗೆ

ಕೆಮ್ಮಲು ಆಗುತ್ತಿಲ್ಲವೆಂದು ಕಣ್ಣೀರು ಹಾಕುವ ಗಂಡಸನ್ನು ಕಂಡಿದ್ದೀರಾ? ನಾನು ಕಳೆದ ವಾರ ಬ್ಯಾಡಗಿಯಲ್ಲಿ ಕಂಡೆ.

ನನ್ನ ಸೋದರಮಾವ ಗುರುಪಾದಪ್ಪ. ಮೆಣಸಿನಕಾಯಿ ವ್ಯಾಪಾರಿ. ಬೆಂಗಳೂರಿನಲ್ಲಿ ಹಾರ್ಟ್ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಿದ್ದಾರೆ. ಎದೆಯ ಹೊಲಿಗೆ ನೋವಿಗೆ ಹೆದರಿ ಉಸಿರನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಅದಕ್ಕೆಂದೇ ಡಾಕ್ಟರು ಸೋಪಿನ ಡಬ್ಬಿಯಷ್ಟು ದೊಡ್ಡ ಮೆಷಿನ್ ಕೊಟ್ಟಿದ್ದರು. ಹೊಲಿಗೆಯ ಪಕ್ಕ ಅದರ ಪಟ್ಟಿ ಅಂಟಿಸಿದರೆ ನರಗಳಿಗೆ ಸಣ್ಣಗೆ ಕರೆಂಟು ಹರಿದು ನೋವು ತಗ್ಗುತ್ತದೆ. ನೋವು ತಗ್ಗಿದರೆ ಕೆಮ್ಮಬಹುದು, ಹೃದಯಕ್ಕೂ ಆರಾಮ. ಕೆಮ್ಮದಿದ್ದರೆ ಕಫ ಕಟ್ಟಿ ಮತ್ತೆ ಆಸ್ಪತ್ರೆಯೇ ಗತಿ ಎಂದಿದ್ದರು.

‘ಮೆಷಿನ್ ಎಲ್ಲಿ?’ ಎಂದೆ.

‘ರಾಣೆಬೆನ್ನೂರು ಬೀಗರು ನೋಡಾಕ ಬಂದಿದ್ರು. ಅವರಿಗೆ ಮೊಣಕಾಲು ನೋವಂತ. ಒಯ್ರಿ ಅಂದ್ರು ನಿಮ್ಮ ಮಾವ,’ ಎಂದರು ಅತ್ತೆ.

(ರೋಗಿಯನ್ನು ನೋಡಲು ಬರುವವರು ಬಾಳೆಹಣ್ಣು ತರುತ್ತಾರೆ. ವಾಪಸು ಹೋಗುವಾಗಲೂ ಬರಿಗೈಲಿ ಹೋಗಬಾರದಲ್ಲ!)

ಮಾವನ ಎದೆ ಗೊರಗೊರ ಎನ್ನುತ್ತಿತ್ತು. ನಿಜಕ್ಕೂ ಹೆದರಿದೆ. ಫೋನ್ ಮಾಡಿ ಕೇಳೋಣವೆಂದರೆ ಬೀಗರ ಮನೆಯಲ್ಲಿ ಫೋನಿಲ್ಲ, ಅರ್ಜಿ ಹಾಕಿ ಇನ್ನೂ ಕಾಯುತ್ತಿದ್ದಾರೆ. ಸಿಕ್ಕ ಬಸ್ ಹತ್ತಿದೆ.

ರಾಣೆಬೆನ್ನೂರಿನಲ್ಲಿ ಚಹಾ ಸಿಕ್ಕಿತು. ‘ಪಾಪ, ಎದಿ ನೋವು ಹೆಂಗೈತ್ರಿ ಅವರದು?’ ಎಂದು ಬೀಗರು ಮರುಗಿದರು. ಮೆಷಿನ್? ‘ನಮ್ಮ ಹಾವೇರಿ ಅಕ್ಕಗ ಕೊಟ್ಟೇವಿ. ಆಕಿಗೆ ಸೊಂಟ ಹಿಡದೈತಿ.’

ಹಾವೇರಿಗೆ ಹೋದೆ. ಆ ಅಕ್ಕ ಸೊಂಟಕ್ಕೆ ಪಟ್ಟಿ ಅಂಟಿಸಿಕೊಂಡೇ ಬಾಗಿಲು ತೆಗೆದರು.

‘ಗುರುಪಾದಪ್ಪಾರು ದೇವರಂಥವರು ನೋಡ್ರಿ. ಹೆಂಗದಾರ?’

‘ಕೆಮ್ಮಾಕ ಆಗವಲ್ದು ಅವರಿಗೆ,’ ಎಂದೆ.

‘ಅಯ್ಯ ಶಿವನ!’ ಎನ್ನುತ್ತ ಪಟ್ಟಿ ಕಿತ್ತು ಕೊಟ್ಟರು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದರು: ‘ಗುಣ ಆದಮ್ಯಾಲ ವಾಪಸ್ ಕಳಸ್ರಿ ಮತ್ತ!’

ಸಂಜೆ ಅತ್ತೆ ಹೊಸ ಸೆಲ್ ಹಾಕಿ ಪಟ್ಟಿ ಅಂಟಿಸಿದರು. ಸ್ವಲ್ಪ ಹೊತ್ತಿಗೆ ಮಾವ ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಿದರು. ಓಣಿಗೆಲ್ಲ ಕೇಳುವಂತೆ ಕೆಮ್ಮಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೆಮ್ಮು ಕೇಳಿ ಸಂತೋಷಪಟ್ಟವರನ್ನು ಈ ಘಾಟಿನ ಊರಿನಲ್ಲಿ ನಾನು ಅದೇ ಮೊದಲು ನೋಡಿದ್ದು.

ಎದುರುಮನೆಯ ಯಜಮಾನರಿಗೂ ಕೆಮ್ಮು ಕೇಳಿಸಿತ್ತು. ಬಾಗಿಲಲ್ಲಿ ಇಣುಕಿದರು.

‘ಆರಾಮ ಆತಲ್ರೀ! ಹಂಗಾರ ಆ ಪೆಟ್ಟಿಗಿ... ನನ್ನ ಭುಜ ಭಾಳ ನೋಯಾಕತ್ತೈತಿ.’

ಮಾವನ ಕೈ ಆಗಲೇ ಎದೆಯ ಪಟ್ಟಿ ಬಿಚ್ಚುತ್ತಿತ್ತು.

‘ಇಲ್ಲ’ ಎನ್ನುವುದಕ್ಕೂ ಮೈಯಲ್ಲಿ ಒಂದು ನರ ಇರಬೇಕಲ್ಲವೆ ಡಾಕ್ಟರೇ, ಅದಕ್ಕೆ ಕರೆಂಟು ಕೊಡುವುದು ಯಾವಾಗ?