ನಾಲ್ವರಲ್ಲಿ ಒಬ್ಬ

ನಮ್ಮ ದೊಡ್ಡತ್ತೆಯ ಕಣ್ಣು ತಪ್ಪಿಸಿ ಬೀದಿಯಲ್ಲಿ ಬೆಕ್ಕೂ ದಾಟುವುದಿಲ್ಲ. ಮೆಟ್ಟಿಲ ಸದ್ದು ಕೇಳಿಯೇ ಬಂದವರು ಯಾರು, ಯಾರ ಮೇಲೆ ಮುನಿಸಿಕೊಂಡು ಬಂದಿದ್ದಾರೆ ಎಂದು ಹೇಳಿಬಿಡುತ್ತಾಳೆ. ಮದುವೆಯ ಆಲ್ಬಮ್ಮಿನ ಮೂಲೆಯಲ್ಲಿ ಬರೀ ಮೊಣಕೈ ಕಂಡರೂ ಸಾಕು, "ಇದು ನಮ್ಮ ಮೈದುನಂದು, ಊಟದ ಕಡೆ ಹೊರಟಿದಾನೆ" ಎನ್ನುತ್ತಾಳೆ. ಇಂಥವಳು ಸೋಲುವುದು ನಡುಮನೆಯ ಒಂದೇ ಒಂದು ಫೋಟೋದ ಮುಂದೆ. ಯುದ್ಧವಿಮಾನ ಹಾರಿಸಿಕೊಂಡು ಹೋಗಿ ಮರಳದ ಅವಳ ತಮ್ಮ, ನನ್ನ ಚಿಕ್ಕಪ್ಪ, ಅದರಲ್ಲಿದ್ದಾನೆ. ಹೊರಡುವ ಮುನ್ನ ಜೊತೆಯ ಪೈಲಟ್‌ಗಳೊಂದಿಗೆ ತೆಗೆಸಿಕೊಂಡದ್ದು. ನಾಲ್ವರಿಗೂ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಗಾಜು, ಮೂಗು ಬಾಯಿ ಮುಚ್ಚಿದ ಮುಖವಾಡ. "ಎರಡನೆಯವನೇ ಕಣೋ, ನಿಂತಿರೋ ಠೀವಿ ನೋಡು" ಎಂದು ಬೆಳಿಗ್ಗೆ ಆಣೆಯಿಟ್ಟವಳು ಸಂಜೆಗೆ, "ಅಲ್ವೇನೋ, ಕೊನೆಯವನಾ? ಅವನೂ ಹಿಂಗೇ ಒಂದು ಕಾಲ್ಮೇಲೆ ಭಾರ ಬಿಡ್ತಿದ್ದ" ಎಂದು ನನ್ನನ್ನೇ ಕೇಳುತ್ತಾಳೆ. ಅವನು ಹೋದ ಮೇಲೆ ಹುಟ್ಟಿದ ನಾನೇನು ಹೇಳಲಿ? ಅಪ್ಪನನ್ನು ಕೇಳಿದರೆ ಮೊದಲನೆಯವನು ಎನ್ನುತ್ತಾನೆ, ಅದೂ ರಾಗ ಎಳೆದು. ದಿನಾ ಫೋಟೋದ ಧೂಳು ತೆಗೆಯುವಾಗ ಅತ್ತೆ ನಾಲ್ವರ ಮುಖವನ್ನೂ ಒಂದೇ ಸಮ ಒರೆಸುತ್ತಾಳೆ. "ಬೇರೆಯವರನ್ನೂ ಯಾಕತ್ತೆ?" ಎಂದೆ ಒಮ್ಮೆ. "ಅವರ ಮನೇಲೂ ಇದೇ ಫೋಟೋ ಇರುತ್ತಲ್ಲೋ," ಎಂದಳು, "ಅಲ್ಲಿ ನಮ್ಮವನನ್ನ ಒರೆಸದೆ ಬಿಟ್ಟುಬಿಟ್ರೆ?"